ಸಂಘದ ಮುಂದಾಳುಗಳ ಸಂಬಳಕ್ಕೂ ರಕ್ಷಣೆ ಬೇಕು

ಮಾನ್ಯ ಸಂಪಾದಕರೇ,

ಸರ್ಕಾರಿ ಉದ್ದಿಮೆಗಳಲ್ಲಿ ಕಾರ್ಮಿಕ ಸಂಘದ ಮುಂದಾಳುಗಳ ಬಾಯಿ ಮುಚ್ಚಿಸಲು ವಜಾ ಆದೇಶವೇ ಬೇಕೆಂದಿಲ್ಲ. ವಜಾ ಮಾಡಿದರೆ ಸುದ್ದಿಯಾಗುತ್ತದೆ, ಗೇಟಿನ ಮುಂದೆ ಸಭೆ ಸೇರುತ್ತದೆ, ಪ್ರಕರಣ ಕೋರ್ಟಿಗೆ ಹೋಗುತ್ತದೆ. ಸಂಬಳದ ಚೀಟಿಯಲ್ಲಿ ಕೈಯಾಡಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ.

ನಾನು ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ನಮ್ಮ ವಿಭಾಗದಲ್ಲಿ ನುರಿತ ಟರ್ನರ್, ಅಂದರೆ ಲೇತ್ ಯಂತ್ರದಲ್ಲಿ ಲೋಹ ಕಡೆಯುವವರು ಒಬ್ಬರಿದ್ದರು. ಸಂಘದ ಕಾರ್ಯದರ್ಶಿಯಾದ ಮೇಲೆ, ಹರಿದ ಸುರಕ್ಷತಾ ಬೂಟುಗಳನ್ನು ಬದಲಿಸಿಕೊಡಿ ಎಂದು ಪಟ್ಟು ಹಿಡಿದರು. ಕೆಲಸವೇನೂ ಹೋಗಲಿಲ್ಲ. ಲೇತ್‌ನಿಂದ ಎಬ್ಬಿಸಿ ಸ್ಟೋರ್ಸ್‌ಗೆ ಕಳುಹಿಸಿದರು. ಅಲ್ಲಿ ಇನ್ಸೆಂಟಿವ್ ಇಲ್ಲ, ಓವರ್‌ಟೈಮ್ ಇಲ್ಲ, ರಾತ್ರಿ ಪಾಳಿಯ ಭತ್ಯೆಯೂ ಇಲ್ಲ. ಆಮೇಲೆ, ಕೆಲಸದ ಸ್ಥಳ ಬಿಟ್ಟು ಹೋಗಿದ್ದರೆಂದು ಆರೋಪಪಟ್ಟಿ ಬಂತು. ವಿಚಾರಣೆಯ ಕೊನೆಗೆ ಒಂದು ವಾರ್ಷಿಕ ವೇತನ ಬಡ್ತಿಯನ್ನು ‘ಸಂಚಿತ ಪರಿಣಾಮದೊಂದಿಗೆ’ ತಡೆಹಿಡಿದರು. ಅಂದರೆ ಸೇವೆಯ ಕೊನೆಯ ದಿನದವರೆಗೂ ಅವರ ಮೂಲ ವೇತನ ಜೊತೆಯವರಿಗಿಂತ ಒಂದು ಮೆಟ್ಟಿಲು ಕೆಳಗೆ. ತುಟ್ಟಿಭತ್ಯೆ, ಭವಿಷ್ಯನಿಧಿ ಎಲ್ಲವೂ ಅದಕ್ಕೆ ತಕ್ಕಂತೆ. ಗ್ರಾಚ್ಯುಟಿ ಲೆಕ್ಕ ಹಾಕುವುದು ಕೊನೆಯ ವೇತನದ ಮೇಲೆ, ವರ್ಷಕ್ಕೆ 15 ದಿನದ ಸಂಬಳದಂತೆ, ಅಲ್ಲಿಯೂ ಕಡಿತವೇ. ಇದನ್ನು ಕಂಡ ಮೇಲೆ ನಮ್ಮ ವಿಭಾಗದಿಂದ ಸಂಘದ ಚುನಾವಣೆಗೆ ನಿಲ್ಲಲು ಯಾರೂ ಮುಂದೆ ಬರಲಿಲ್ಲ.

ಇದು ತಪ್ಪೆಂದು ಕಾನೂನಿಗೆ ಗೊತ್ತಿಲ್ಲದೆ ಇಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಐದನೇ ಅನುಸೂಚಿಯಲ್ಲೇ, ಸಂಘದ ಚಟುವಟಿಕೆಯ ಕಾರಣಕ್ಕೆ ವಜಾ ಮಾಡುವುದು, ಬಡ್ತಿ ನಿರಾಕರಿಸುವುದು, ಜ್ಯೇಷ್ಠತೆ ಬದಲಿಸುವುದು ಅನುಚಿತ ಕಾರ್ಮಿಕ ಪದ್ಧತಿ ಎಂದು ಬರೆದಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಅಂಥದ್ದೇ ಪಟ್ಟಿಯಿದೆ. ಆದರೆ ಈ ಅಪರಾಧಕ್ಕೆ ಮೊಕದ್ದಮೆ ಹೂಡಬೇಕಾದರೆ ದೂರು ಸರ್ಕಾರದಿಂದ, ಇಲ್ಲವೇ ಅದರ ಅನುಮತಿಯಿಂದ ಬರಬೇಕು. ಖಾಸಗಿ ಕಾರ್ಖಾನೆಯ ಮಟ್ಟಿಗೆ ಇದಕ್ಕೆ ಏನಾದರೂ ಅರ್ಥವಿರಬಹುದು. ಸರ್ಕಾರಿ ಉದ್ದಿಮೆಯಲ್ಲಿ ಮಾಲೀಕನೂ ಸರ್ಕಾರವೇ, ದೂರು ಕೊಡಬೇಕಾದದ್ದೂ ಸರ್ಕಾರವೇ. ಬಡಪಾಯಿ ನೌಕರ ಯಾರ ಬಳಿ ಹೋಗಬೇಕು?

‘ಸಂರಕ್ಷಿತ ಕಾರ್ಮಿಕ’ ಎಂಬ ಸ್ಥಾನವೂ ಇದೆ. ಒಟ್ಟು ಕಾರ್ಮಿಕರಲ್ಲಿ ಶೇ 1ರಷ್ಟು, ಕನಿಷ್ಠ 5, ಗರಿಷ್ಠ 100 ಮಂದಿ ಪದಾಧಿಕಾರಿಗಳಿಗೆ ಅದು ಸಿಗುತ್ತದೆ. ಅವರನ್ನು ಪ್ರಾಧಿಕಾರದ ಪೂರ್ವಾನುಮತಿ ಇಲ್ಲದೆ ತೆಗೆಯುವಂತಿಲ್ಲ, ಸೇವಾ ಷರತ್ತನ್ನು ಅವರಿಗೆ ಹಾನಿಯಾಗುವಂತೆ ಬದಲಿಸುವಂತಿಲ್ಲ. ಕೇಳಲು ಚೆನ್ನಾಗಿದೆ. ಆದರೆ ವಿವಾದವೊಂದು ಸಂಧಾನ ಅಥವಾ ನ್ಯಾಯಮಂಡಳಿಯ ಮುಂದೆ ಬಾಕಿ ಇರುವಾಗ ಮಾತ್ರ ಈ ರಕ್ಷಣೆ. ವಿವಾದ ಮುಗಿದ ಮರುದಿನದಿಂದ ಆಡಳಿತದ ಕೈ ಸಡಿಲ.

ಈ ನಗರಕ್ಕೆ ಇದೇನೂ ದೂರದ ವಿಷಯವಲ್ಲ. 1980–81ರಲ್ಲಿ ಇಲ್ಲಿನ ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ ಮುಂತಾದ ಉದ್ದಿಮೆಗಳ ಕಾರ್ಮಿಕರು ವೇತನ ಸಮಾನತೆಗಾಗಿ ದೀರ್ಘ ಮುಷ್ಕರ ನಡೆಸಿದ್ದರು. 2021ರ ಏಪ್ರಿಲ್‌ನಲ್ಲಿ ಆರನೇ ವೇತನ ಆಯೋಗದ ಶ್ರೇಣಿ ಕೇಳಿ ಸಾರಿಗೆ ನೌಕರರು ಬಸ್ ನಿಲ್ಲಿಸಿದಾಗ ವಜಾ, ಅಮಾನತು, ವರ್ಗಾವಣೆಗಳು ಸಾಲುಗಟ್ಟಿ ಬಂದವು. ಬಳಿಕ ಬಹಳ ಮಂದಿಯನ್ನು ಮರಳಿ ಸೇರಿಸಿಕೊಂಡರು ನಿಜ. ಆದರೆ ನಡುವಿನ ತಿಂಗಳುಗಳಲ್ಲಿ ಮನೆ ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ ಕಟ್ಟಿದವರು ಸಾಲ ಮಾಡಿಯೇ ಕಟ್ಟಿದ್ದು. ಅಮಾನತಿನಲ್ಲಿರುವವರಿಗೆ ಮೊದಲ 90 ದಿನ ಅರ್ಧ ಸಂಬಳವಾದರೂ ಜೀವನಾಧಾರ ಭತ್ಯೆಯಾಗಿ ಸಿಗುತ್ತದೆ. ವಜಾ ಆದವರಿಗೆ ಅದೂ ಇಲ್ಲ.

ಸಂಘದ ಹೆಸರು ಹೇಳಿಕೊಂಡು ಕೆಲಸ ಕದಿಯುವವರನ್ನೂ ನಾನು ಕಂಡಿದ್ದೇನೆ. ಅವರನ್ನು ಯಾರೂ ಕೇಳಬಾರದು ಎನ್ನುತ್ತಿಲ್ಲ. ಕೇಳುವವರು ಹೊರಗಿನವರಾಗಿರಲಿ ಎನ್ನುತ್ತಿದ್ದೇನೆ. ಪದಾಧಿಕಾರಿಯ ವೇತನ ಬಡ್ತಿ ತಡೆಯುವ, ಅವರನ್ನು ವರ್ಗಾಯಿಸುವ, ಸಂಪಾದನೆ ಕಡಿಮೆಯಾಗುವ ಜಾಗಕ್ಕೆ ಹಾಕುವ ಆದೇಶ ಯಾವುದೇ ಇರಲಿ, ವಿವಾದ ಬಾಕಿ ಇರಲಿ ಬಿಡಲಿ, ಜಾರಿಗೆ ಮುನ್ನ ಕಾರ್ಮಿಕ ಇಲಾಖೆಯ ಅಧಿಕಾರಿಯ ಒಪ್ಪಿಗೆ ಪಡೆಯಬೇಕು. ಪದಾಧಿಕಾರಿಯ ಅವಧಿ ಮುಗಿದ ಮೇಲೂ ಎರಡು ವರ್ಷ ಈ ರಕ್ಷಣೆ ಇರಬೇಕು. ಸೇಡು ತೀರಿಸಿಕೊಳ್ಳುವುದು ಬಹುತೇಕ ಆಗಲೇ.

ಕೆಲಸದಿಂದ ತೆಗೆಯುವುದಷ್ಟೇ ಅಲ್ಲ, ಸಂಘದ ಕಾರಣಕ್ಕೆ ಬೇರಾವುದೇ ರೀತಿಯಲ್ಲಿ ಹಾನಿ ಮಾಡುವುದೂ ಸಲ್ಲದು ಎನ್ನುವ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 98ನೇ ಒಡಂಬಡಿಕೆ 1949ರಷ್ಟು ಹಳೆಯದು. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. ಅದು ದೆಹಲಿಯ ಮಾತಾಯಿತು. ರಾಜ್ಯದ ನಿಗಮ, ಮಂಡಳಿಗಳ ವಿಷಯದಲ್ಲಿ ರಾಜ್ಯ ಸರ್ಕಾರ ಯಾರನ್ನೂ ಕಾಯಬೇಕಾಗಿಲ್ಲ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕುಳಿತ ಅಧಿಕಾರಿಗಳಿಗೆ, ಸರ್ಕಾರಿ ಉದ್ದಿಮೆಗಳ ವಿರುದ್ಧ ತಾವೇ ನೇರವಾಗಿ ಮೊಕದ್ದಮೆ ದಾಖಲಿಸುವ ಅಧಿಕಾರವನ್ನು ಆದೇಶದ ಮೂಲಕ ವಹಿಸಿಕೊಡಲಿ. ಕಾರ್ಮಿಕ ಸಚಿವರು ಈ ಕೆಲಸವನ್ನು ತಡಮಾಡದೆ ಮಾಡಬೇಕೆಂದು ಒತ್ತಾಯಿಸುತ್ತೇನೆ.

– ಒಬ್ಬ ನಿವೃತ್ತ ಕಾರ್ಮಿಕ, ಬೆಂಗಳೂರು