ಶಾಲು ಸಾಕು, ಎಂಟು ಶನಿವಾರ ಕೊಡಿ

ಮಾನ್ಯ ಸಂಪಾದಕರೇ,

ಮುಂಬೈಯ ಕನ್ನಡ ಸಂಘಗಳು ನಡೆಸುವ ಕಥೆ, ನಾಟಕ ಕಮ್ಮಟಗಳಲ್ಲಿ ಬರೆಯಿಸುವುದಕ್ಕಿಂತ ಭಾಷಣವೇ ಹೆಚ್ಚು. ಸೃಜನಶೀಲ ಬರವಣಿಗೆ ಕಲಿಸುತ್ತ ತಾವೂ ನಾಟಕ, ಕಿಶೋರ ಕಾದಂಬರಿ ಬರೆಯುವ ಪ್ರಾಧ್ಯಾಪಕರನ್ನು ಉದ್ಘಾಟನೆಗೆ ಕರೆದು, ಶಾಲು ಹೊದಿಸಿ ಕಳಿಸಿಬಿಡುತ್ತೇವೆ. ಅವರಿಗೆ 8 ಶನಿವಾರ, ಒಂದು ಕೋಣೆ, 12 ಮಕ್ಕಳನ್ನು ಕೊಡಿ ಎಂಬುದು ನಮ್ಮ ವಿನಂತಿ.

ಮುಂಬೈಯಲ್ಲಿ ನಾಟಕದಿಂದಲೇ ಶುರು ಮಾಡಬೇಕು. ಪಾಲಿಕೆಯ ಶಾಲೆಗಳಲ್ಲಿ ಕನ್ನಡ ಮಾಧ್ಯಮ ಇದ್ದರೂ ನಮ್ಮ ಬಹಳಷ್ಟು ಮನೆಗಳ ಮಕ್ಕಳು ಓದುವುದು ಇಂಗ್ಲಿಷಿನಲ್ಲಿ. ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಲಿಪಿ ಎದುರಾದರೆ ತಡವರಿಸುತ್ತಾರೆ. ಕಾದಂಬರಿಯನ್ನು ಪಕ್ಕಕ್ಕಿಡುವ ಹುಡುಗಿಯೇ ಪಾತ್ರ ಸಿಕ್ಕಿತೆಂದರೆ ಅಕ್ಷರ ಕೂಡಿಸಿ ಕೂಡಿಸಿ ಓದಿ ಮಾತು ಬಾಯಿಪಾಠ ಮಾಡುತ್ತಾಳೆ.

ಮೊದಲೆರಡು ವಾರ ಬರೀ ಅಭ್ಯಾಸ. ಆಮೇಲೆ ವಾರಕ್ಕೆ ಇಬ್ಬರ ಬರಹ, ತಲಾ 6ರಿಂದ 8 ಪುಟ, ಎರಡು ದಿನ ಮೊದಲೇ ಎಲ್ಲರ ಕೈಸೇರಬೇಕು. ಚರ್ಚೆ ಮುಗಿಯುವ ತನಕ ಬರೆದವರು ಮಾತಾಡುವಂತಿಲ್ಲ. ಸಮರ್ಥನೆಗೆ ಇಳಿದರೆ ಕಿವಿ ಮುಚ್ಚಿಕೊಳ್ಳುತ್ತದೆ. 1936ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಕಮ್ಮಟದಿಂದ ಹೆಸರಾದ ಕ್ರಮವಿದು. ನಾಟಕವನ್ನಂತೂ ಬರೆದವರು ಓದಲೇಬಾರದು, ಬೇರೆಯವರು ಓದಬೇಕು. ಇಲ್ಲದಿದ್ದರೆ ಪುಟದಲ್ಲಿ ಇಲ್ಲದ ಭಾವವನ್ನು ಅವರ ದನಿ ತುಂಬಿಕೊಟ್ಟುಬಿಡುತ್ತದೆ.

ಹೊಸಬರ ನಾಟಕ ಸಾಮಾನ್ಯವಾಗಿ ಸೋಲುವುದು ಪ್ರೇಕ್ಷಕರಿಗೆ ವಿಷಯ ತಿಳಿಸುವ ಆತುರದಲ್ಲಿ. ‘ನಿಮ್ಮಪ್ಪನ ಕೆಲಸ ಹೋಗಿ ಹದಿನೈದು ದಿನ ಆಯ್ತು ಅಂತ ನಿನಗೆ ಗೊತ್ತೇ ಇದೆಯಲ್ಲ’ ಎಂದು ಯಾವ ತಾಯಿಯೂ ಮಗನಿಗೆ ಹೇಳುವುದಿಲ್ಲ. ಬೆಳಿಗ್ಗೆ ತನಗೂ ಅಪ್ಪನಿಗೂ ಊಟದ ಡಬ್ಬಿ ತೆಗೆಯಹೋದ ಮಗನಿಗೆ ‘ಒಂದೇ ಸಾಕು ಕಣೋ’ ಎಂದರೆ ಎಲ್ಲವೂ ತಿಳಿಯುತ್ತದೆ, ನಟಿಗೂ ಕೈಗೆ ಕೆಲಸ ಸಿಗುತ್ತದೆ. ಪಾತ್ರಗಳ ಹೆಸರು ಮುಚ್ಚಿ ಓದಿಸಿ ನೋಡಿ: ಯಾರ ಮಾತು ಯಾರದೆಂದು ಗೊತ್ತಾಗದಿದ್ದರೆ ಅಲ್ಲಿ ಮಾತಾಡುತ್ತಿರುವುದು ಲೇಖಕರೊಬ್ಬರೇ. ‘ಅವನ ಮನಸ್ಸಿನಲ್ಲಿ ಬಾಲ್ಯ ಸುಳಿಯಿತು’ ಎಂಬ ರಂಗಸೂಚನೆಯನ್ನೂ ಹೊಡೆದುಹಾಕಿ, ಅದನ್ನು ಅಭಿನಯಿಸಲು ಬರುವುದಿಲ್ಲ. ಅರ್ಧ ಗಂಟೆಯ ಏಕಾಂಕಕ್ಕೆ ಒಂದೇ ಜಾಗ, ಐದಾರು ಪಾತ್ರ ಸಾಕು.

ಹೀಗೆ ಸಂಭಾಷಣೆಗೆ ಕಿವಿ ಪಳಗಿದ ಮೇಲೆ ಕಿಶೋರ ಕಾದಂಬರಿಗೆ ಕೈಹಾಕಬಹುದು. ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ, ಸಂತೋಷವೇ. ಆದರೆ 13ರಿಂದ 17 ವಯಸ್ಸಿನವರಿಗೆಂದೇ ಬರೆದ ಕನ್ನಡ ಕಾದಂಬರಿಗಳು ಇಂದಿಗೂ ತೀರ ಕಡಿಮೆ. ಮೊದಲ ಯತ್ನಕ್ಕೆ 15,000 ಪದ ಸಾಕು. ನಾಯಕಿ ಓದುಗರಿಗಿಂತ ಒಂದೆರಡು ವರ್ಷ ದೊಡ್ಡವಳಿರಲಿ, ತಮಗಿಂತ ಚಿಕ್ಕವರ ಕಥೆಯನ್ನು ಈ ವಯಸ್ಸಿನವರು ಮುಟ್ಟುವುದಿಲ್ಲ. ತೊಡಕು ಮೊದಲ ಎರಡು ಪುಟದೊಳಗೆ ಬರಲಿ. ಅದನ್ನು ಬಿಡಿಸಲು ಕೊನೆಗೆ ಮಾಸ್ತರೋ ಮಾವನೋ ಬಂದರೆಂದರೆ ಪುಸ್ತಕ ಕೆಟ್ಟಿತು. ಡೊಂಬಿವಲಿಯ ಹುಡುಗಿಯ ಕನ್ನಡದಲ್ಲಿ ಮರಾಠಿ, ಹಿಂದಿ ಬೆರೆತಿರುತ್ತದೆ. ಹಾಗೆಯೇ ಬರೆಯಿರಿ, ದಯವಿಟ್ಟು ಪಠ್ಯಪುಸ್ತಕದ ಭಾಷೆ ತೊಡಿಸಬೇಡಿ.

ಸಂಘಟಕರಿಗೆ ಇನ್ನೊಂದು ಮಾತು. ಮಹಾರಾಷ್ಟ್ರದಲ್ಲಿ ನಾಟಕದ ಸಾರ್ವಜನಿಕ ಪ್ರಯೋಗಕ್ಕೆ ಮೊದಲು ಪಠ್ಯವನ್ನು ರಾಜ್ಯದ ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳಿಗೆ ಒಪ್ಪಿಸಿ ಪ್ರಮಾಣಪತ್ರ ಪಡೆಯಬೇಕು. ಹಾಗಾಗಿ ಸಭಾಂಗಣದ ದಿನ ಗೊತ್ತುಮಾಡುವಾಗ, ಓದಿಸಿ ತಿದ್ದಿ ಬರೆಯಲು ಕನಿಷ್ಠ ಒಂದು ತಿಂಗಳು, ಅದರ ಮೇಲೆ ಪ್ರಮಾಣಪತ್ರಕ್ಕೆ ಬೇಕಾದ ಸಮಯ ಬಿಟ್ಟುಕೊಳ್ಳಿ.

— ನಾಟಕ ಬರವಣಿಗೆ ಕಲಿಸುವ ಶಿಕ್ಷಕರು, ಮಾಟುಂಗಾ, ಮುಂಬೈ