ಗೆಳೆಯನಿಗೊಂದು ಪತ್ರ: ಈ ಸಲ ಬೆರಳು ನನ್ನದೇ

ಮಾರಾಯ,

ಇದು ಪೂರ್ತಿ ನಾನೇ ಟೈಪ್ ಮಾಡಿದ್ದು. ಬೇಕಾದರೆ ನಂಬು. ನಿನಗೊಬ್ಬನಿಗೇ ಕಳಿಸಬಹುದಿತ್ತು, ಹಳೇ ವಿದ್ಯಾರ್ಥಿಗಳೂ ನೋಡಲಿ, ಮಾಷ್ಟ್ರು ಈಗ ಯಾವ ಕ್ಲಾಸಿನಲ್ಲಿದ್ದಾರೆ ಅಂತ ಫೇಸ್‌ಬುಕ್ಕಿಗೇ ಹಾಕಿದ್ದೇನೆ.

ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶ ಕಲಿಯುತ್ತಿದ್ದೇನೆ. ಅದರ ಕೀಲಿಮಣೆಯಲ್ಲಿ ಅಕ್ಷರ ಜೋಡಿಸಿದ ಕ್ರಮ ನಮ್ಮ ಕಿನ್ನಿಕಂಬಳದ ಕೆ.ಪಿ. ರಾಯರದ್ದು, ಬೈಯಲಿಕ್ಕೂ ಮನಸ್ಸು ಬರುವುದಿಲ್ಲ. ‘ಕ’ ಬೇಕಾದರೆ ಕೆ, ‘ಪ’ ಬೇಕಾದರೆ ಪಿ, ಸರಿ. ‘ಟ’ ಮಾತ್ರ ಕ್ಯೂನಲ್ಲಿ, ‘ಡ’ ಡಬ್ಲ್ಯುನಲ್ಲಿ ಹೋಗಿ ಕೂತಿವೆ. ಒತ್ತಕ್ಷರಕ್ಕೆ ನಡುವೆ ಎಫ್ ಹೊಡೆಯಬೇಕು, ಮರೆತರೆ ಪುತ್ತೂರು ‘ಪುತತೂರು’. ಡಬಲ್ ಕ್ಲಿಕ್ ಕತೆ ಕೇಳಲೇಬೇಡ. ನನ್ನ ಎರಡು ಕ್ಲಿಕ್ಕುಗಳ ನಡುವೆ ಒಂದು ಲೋಟ ಚಾ ಕುಡಿದು ಬರಬಹುದಂತೆ, ಮೊಮ್ಮಗಳ ಅಭಿಪ್ರಾಯ.

1990ರ ಸಾಕ್ಷರತಾ ಆಂದೋಲನ ನೆನಪುಂಟಲ್ಲ? ಬೀಡಿ ಕಟ್ಟುವ ತಡ್ಪೆ, ಅಂದರೆ ಮೊರ, ಹಿಡಿದುಕೊಂಡೇ ರಾತ್ರಿ ಕ್ಲಾಸಿಗೆ ಬರುತ್ತಿದ್ದ ಆ ಅಕ್ಕ? ಮುಂಬಯಿಯ ಮಗನಿಗೆ ಅವರ ಕಾಗದ ಬರೆದುಕೊಡುತ್ತಿದ್ದದ್ದು ನಾನು. ಪ್ರತಿ ಸಲವೂ ‘ನಾನು ಇಲ್ಲಿ ಸೌಖ್ಯ, ನಿನ್ನ ಸೌಖ್ಯಕ್ಕೆ ಬರೆ.’ ಅಕ್ಷರ ಬಂದ ಮೇಲೆ ತಾವೇ ಬರೆದ ಮೊದಲ ಇನ್‌ಲ್ಯಾಂಡನ್ನು ಅನ್ನದ ಅಗುಳಿನಿಂದ ಅಂಟಿಸಿಯೇ ತಂದರು. ವಿಳಾಸ ಮಾತ್ರ ಬರೆಸಿಕೊಂಡರು. ಒಳಗೆ ಏನಿತ್ತೋ, ತೋರಿಸಲಿಲ್ಲ. ಕಲಿಸಿದವನಿಗೇ ತೋರಿಸಲಿಲ್ಲವಲ್ಲ ಅಂತ ಆಗ ಸ್ವಲ್ಪ ಬೇಸರವಾಗಿತ್ತು.

ಬೆಂಗಳೂರಿಗೆ ಬಂದ ಮೇಲೆ ನಿನಗೆ ಬಂದ ಮೇಲ್‌ಗಳೆಲ್ಲ ನಾನು ಹೇಳಿ, ಸೊಸೆ ಹೊಡೆದದ್ದು. ಒಳ್ಳೆಯ ಹುಡುಗಿ, ಒಂದಕ್ಷರ ತಪ್ಪಿಲ್ಲ. ‘ಇಲ್ಲಿ ಆರಾಮ, ಹವೆ ಚೆನ್ನಾಗಿದೆ.’ ಅವಳನ್ನು ಎದುರಿಗೆ ಕೂರಿಸಿಕೊಂಡು ಇನ್ನೇನು ಹೇಳಲಿ? ಹವೆಯೇನೋ ಚೆನ್ನಾಗಿಯೇ ಇದೆ. ಬೆಳಿಗ್ಗೆ ಎಲ್ಲರೂ ಹೊರಟ ಮೇಲೆ ನಾನು ಲಿಫ್ಟಿನಲ್ಲಿ ಕೆಳಗಿಳಿಯುತ್ತೇನೆ, ಮತ್ತೆ ಹತ್ತುತ್ತೇನೆ. ಕೆಲಸ ಏನೂ ಇಲ್ಲ. ನಡುವೆ ಯಾರಾದರೂ ಹತ್ತಿದರೆ ನಾಲ್ಕು ಮಾತಾಡಬಹುದಲ್ಲ. ಹೆಚ್ಚಿನವರ ಕಿವಿಯಲ್ಲಿ ಇಯರ್‌ಫೋನ್ ಇರುತ್ತದೆ.

ಥತ್, ಇಷ್ಟು ಬರೆಯುವ ಅಂದಾಜಿರಲಿಲ್ಲ. ಬರೆದದ್ದನ್ನು ವಾಪಸ್ ತೆಗೆಯಲಿಕ್ಕೆ ಕಂಟ್ರೋಲ್ ಝಡ್ ಅಂತ ಉಂಟಂತೆ, ಆ ಪಾಠ ಇನ್ನೂ ಆಗಿಲ್ಲ. ಸೊಸೆ ಓದಿ ಲೈಕ್ ಒತ್ತುತ್ತಾಳೆ. ರಾತ್ರಿ ಸಾರಿಗೆ ಉಪ್ಪು ಎಷ್ಟು ಬೀಳುತ್ತದೋ ನೋಡುವ. ನೀನು ಮಾತ್ರ ಕಮೆಂಟಿನಲ್ಲಿ ಕಡಬದ ಕೊಡೆಯ ಸುದ್ದಿ ಎತ್ತಬೇಡ. ಎತ್ತಿದರೆ ಹೆಡ್‌ಮಾಷ್ಟ್ರ ಸೈಕಲ್ಲಿನ ಕತೆ ಫೋಟೋ ಸಮೇತ ಬಂದೀತು. ಸ್ಕ್ಯಾನ್ ಮಾಡುವುದನ್ನು ಆದಿತ್ಯವಾರ ಹೇಳಿಕೊಡುತ್ತೇನೆ ಅಂದಿದ್ದಾಳೆ ಮೊಮ್ಮಗಳು.