ಸುಣ್ಣದ ಕೆಳಗಿನ ಹೆಸರುಗಳು: ನಮ್ಮ ಚರ್ಚಿನ ಗೋರಿಕಲ್ಲುಗಳನ್ನು ಓದಿ ಬರೆದಿಡಲು ದೇಣಿಗೆ ಮನವಿ

ನಮ್ಮ ಸಭೆಯವರಿಗೆ, ಊರು ಬಿಟ್ಟು ಬೆಂಗಳೂರು, ಮುಂಬೈ, ಗಲ್ಫ್ ಸೇರಿದ ನಮ್ಮ ಮನೆಯವರಿಗೆ, ಹಳೆಯ ಅಕ್ಷರ ಕಂಡರೆ ನಿಂತು ಓದುವ ಎಲ್ಲರಿಗೂ ಸ್ಮಶಾನ ಸಮಿತಿಯ ವಂದನೆಗಳು.

ದುಡ್ಡು ಕೇಳುವ ಮೊದಲು ಒಂದು ತಪ್ಪೊಪ್ಪಿಗೆ. ನಮ್ಮ ಸ್ಮಶಾನದ ಅಕ್ಷರಗಳನ್ನು ಅಳಿಸಿದ್ದು ಮಳೆಯೊಂದೇ ಅಲ್ಲ, ನಾವೂ ಹೌದು. ಪ್ರತಿ ವರ್ಷ ಈಸ್ಟರ್‌ನ ಹಿಂದಿನ ವಾರ ಎಲ್ಲರೂ ಕತ್ತಿ, ಪೊರಕೆ ಹಿಡಿದು ಬರುತ್ತೇವೆ. ಹುಲ್ಲು ಕೊಯ್ಯುತ್ತೇವೆ. ಆಮೇಲೆ ಗೋರಿಗಳಿಗೆ ಸುಣ್ಣ ಬಳಿಯುತ್ತೇವೆ. ಹಬ್ಬದ ದಿನ ನಸುಕಿನಲ್ಲಿ ಅಲ್ಲೇ ಆರಾಧನೆ. ಮೇಣದಬತ್ತಿಯ ಬೆಳಕಿಗೆ ಬಿಳಿ ಗೋರಿಗಳು ಚಂದ ಕಾಣುತ್ತವೆ. ಅಜ್ಜಂದಿರ ಕಾಲದ ಪದ್ಧತಿ, ತಪ್ಪು ಅಂತ ಯಾರಿಗಾದರೂ ಯಾಕೆ ಅನಿಸಬೇಕು? ಆದರೆ ವರ್ಷಕ್ಕೊಂದು ಪದರದಂತೆ ಸುಣ್ಣ ಅಕ್ಷರದ ಗೆರೆಯೊಳಗೆ ಕೂತು ಗಟ್ಟಿಯಾಗಿದೆ. ಕೆಲವು ಕಲ್ಲುಗಳು ಈಗ ದೋಸೆಹಿಟ್ಟು ಸವರಿದ ಹಾಗಿವೆ.

ನಾಲ್ಕು ವರ್ಷದ ಹಿಂದೆ ಅದನ್ನು ತೆಗೆಯಲು ಹೋಗಿ ಇನ್ನೂ ದೊಡ್ಡ ತಪ್ಪು ಮಾಡಿದೆವು. ಕಕ್ಕಸು ತೊಳೆಯುವ ಆ್ಯಸಿಡ್ ಸುರಿದು ತಂತಿ ಬ್ರಷ್ಷಿನಲ್ಲಿ ಉಜ್ಜಿದೆವು. ಸುಣ್ಣ ಬುಸುಬುಸು ನೊರೆಯಾಗಿ ಎದ್ದು ಬಂತು, ಖುಷಿಯಾಯಿತು. ಆದರೆ ಆ ಕಲ್ಲು ಮಾರ್ಬಲ್. ಗೋಡೆಗೆ ಬಳಿದು ಗಟ್ಟಿಯಾದ ಸುಣ್ಣ, ಮಾರ್ಬಲ್ ಎರಡೂ ಒಂದೇ ಜಾತಿಯವು. ಒಂದನ್ನು ತಿನ್ನುವ ಆ್ಯಸಿಡ್ ಇನ್ನೊಂದನ್ನು ಬಿಡುತ್ತದೆಯೇ? ಒಂದು ಮಗುವಿನ ಹೆಸರಿನ ಕೊನೆಯ ಮೂರು ಅಕ್ಷರಗಳು ನಮ್ಮ ಕಣ್ಣೆದುರೇ ಹೋದವು. ಅದಕ್ಕೂ ಮೊದಲು ಯಾರೂ ಫೋಟೋ ತೆಗೆದಿರಲಿಲ್ಲ. ಮರಣದ ರಿಜಿಸ್ಟರಿನಲ್ಲಿ ಹುಡುಕಿದರೆ ಆ ಪುಟಗಳನ್ನು ಗೆದ್ದಲು ತಿಂದಿತ್ತು. ಆ ಮಗುವಿನ ಹೆಸರು ಈಗ ಎರಡೂವರೆ ಅಕ್ಷರ, ಅಷ್ಟೇ.

ನಮ್ಮದು ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಕಾಲದ ಸಭೆ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಷನರಿಗಳು ಮಂಗಳೂರಿಗೆ ಬಂದಿಳಿದಲ್ಲಿಂದ ಈ ಕರಾವಳಿಯ ನಮ್ಮಂಥ ಸಭೆಗಳ ಕಥೆ ಶುರು. 1843ರಲ್ಲಿ ‘ಮಂಗಳೂರ ಸಮಾಚಾರ’ ಎಂಬ ಕನ್ನಡ ಪತ್ರಿಕೆ ತಂದ ಮೋಗ್ಲಿಂಗ್ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟ್ಟೆಲ್ ಅವರಿಗೆ ಬೆಂಗಳೂರಿನಲ್ಲಿ ಪ್ರತಿಮೆಯೇ ಇದೆ. ಸಂತೋಷ, ಇರಬೇಕಾದ್ದೇ. ಆದರೆ ಮಿಷನ್ನಿನ ಅಚ್ಚುಕೂಟದಲ್ಲಿ ಅಚ್ಚುಮೊಳೆ ಜೋಡಿಸಿದವರು ಯಾರು? ನೇಯ್ಗೆ ಶಾಲೆಯಲ್ಲಿ ಮಗ್ಗದ ಮುಂದೆ ಕೂತವರು? ಹಂಚಿನ ಕಾರ್ಖಾನೆಯಲ್ಲಿ ಜೇಡಿ ತುಳಿದವರು? ನಿಮ್ಮ ಹಳೆಯ ಮನೆಯ ಮಾಡಿನಿಂದ ಒಂದು ಹಂಚು ತೆಗೆದು ತಿರುಗಿಸಿ ನೋಡಿ. ಕಾರ್ಖಾನೆಯ ಹೆಸರು, 1865 ಎಂಬ ಇಸವಿ ಎರಡೂ ಅದರಲ್ಲಿ ಒತ್ತಿರಬಹುದು. ಅದನ್ನು ಒತ್ತಿದವನ ಹೆಸರು ಅದರಲ್ಲಿ ಇರುವುದಿಲ್ಲ. ಅದು ಸಿಕ್ಕಿದರೆ ಇಂಥ ಒಂದು ಸ್ಮಶಾನದ ಕಲ್ಲಿನಲ್ಲೇ ಸಿಗಬೇಕು.

ಹಿಂದೆ ಯಾರೂ ಈ ಕೆಲಸ ಮಾಡಿಲ್ಲವೇ ಎಂದು ಕೇಳುತ್ತೀರಿ. ಮಾಡಿದ್ದಾರೆ, ಬೇರೆಯವರಿಗಾಗಿ. ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, 1905ರಲ್ಲಿ, ಜೂಲಿಯನ್ ಜೇಮ್ಸ್ ಕಾಟನ್ ಎಂಬ ಅಧಿಕಾರಿ ಇಡೀ ಪ್ರಾಂತ್ಯದ ಗೋರಿಲೇಖಗಳ ದೊಡ್ಡ ಪಟ್ಟಿಯೊಂದನ್ನು ಪ್ರಕಟಿಸಿದರು. ಒಳ್ಳೆಯ ಕೆಲಸ. ಆದರೆ ಅದರಲ್ಲಿ ಹೆಚ್ಚಾಗಿ ಇರುವವರು ಯುರೋಪಿಯನ್ನರು. ಇತ್ತ ಮೈಸೂರು ಸೀಮೆಯಲ್ಲಿ ಬಿ.ಎಲ್. ರೈಸ್ ಊರೂರು ತಿರುಗಿ 9,000ದ ಹತ್ತಿರ ಶಾಸನಗಳನ್ನು ಸಂಗ್ರಹಿಸಿದರು. ಅವರು ಬೆಂಗಳೂರಿನಲ್ಲೇ ಹುಟ್ಟಿದ ಮಿಷನರಿಯೊಬ್ಬರ ಮಗ. ರಾಜರ ದಾನಶಾಸನ, ವೀರಗಲ್ಲು ಎಲ್ಲ ಹಾಗೆ ಉಳಿದವು. ಉಪದೇಶಿ, ನೇಕಾರ, ಶಾಲೆಯ ಮಾಸ್ತರ ಇವರ ಕಲ್ಲುಗಳು ಆ ಪುಸ್ತಕಕ್ಕೂ ಸೇರಲಿಲ್ಲ, ಈ ಪುಸ್ತಕಕ್ಕೂ ಸೇರಲಿಲ್ಲ.

ಕಲ್ಲು ಓದುವುದು ಸುಲಭ ಅಂತ ನಾವೂ ಅಂದುಕೊಂಡಿದ್ದೆವು. ಕಪ್ಪುಕಲ್ಲಿನವು ಪರವಾಗಿಲ್ಲ, ಪಾಚಿ ಹೋದರೆ ಅಕ್ಷರ ಕಾಣುತ್ತದೆ. ಮುರಕಲ್ಲಿನ ಗೋರಿಗಳದ್ದು ಕಷ್ಟ. ಕಲ್ಲಿನ ಮೇಲೆ ಗಾರೆ ಮೆತ್ತಿ, ಹಸಿಯಿದ್ದಾಗಲೇ ಮೊಳೆಯಲ್ಲಿ ಹೆಸರು ಗೀಚಿದ್ದಾರೆ. ಬಡವರ ಗೋರಿಗಳು. ಗಾರೆ ಒಂದು ಚಕ್ಕೆ ಎದ್ದರೆ ಒಬ್ಬ ಮನುಷ್ಯ ಹೋದ ಹಾಗೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಸೀಮೆ ಇದು, ಚಕ್ಕೆ ಏಳದೆ ಇರುತ್ತದೆಯೇ? ಇನ್ನು ಕೆಲವು ಮಾರ್ಬಲ್ ಕಲ್ಲುಗಳಲ್ಲಿ ಸೀಸದ ಅಕ್ಷರ ಕೂರಿಸಿದ್ದರು. ಸೀಸ ಉದುರಿದೆ, ಆದರೆ ಅದನ್ನು ಹಿಡಿದಿಡಲು ಕೊರೆದ ಸಣ್ಣ ತೂತುಗಳು ಉಳಿದಿವೆ. ಚುಕ್ಕಿ ಸೇರಿಸಿ ರಂಗೋಲಿ ಹಾಕಿದ ಹಾಗೆ ತೂತುಗಳನ್ನು ಸೇರಿಸಿ ಅಕ್ಷರ ಕಟ್ಟಬೇಕು. ನಮ್ಮ ಸಮಿತಿಯ ಹೆಂಗಸರು ಇದರಲ್ಲಿ ಗಂಡಸರಿಗಿಂತ ಎಷ್ಟೋ ಮುಂದೆ.

ಕನ್ನಡ ಅಂಕಿಗಳದ್ದು ಬೇರೆಯೇ ಕಥೆ. ಸವೆದ ಕಲ್ಲಿನಲ್ಲಿ ೬ ಯಾವುದು, ೯ ಯಾವುದು ಗೊತ್ತಾಗುವುದಿಲ್ಲ. ಒಂದು ಕಲ್ಲನ್ನು ಮೊದಲ ಸಲ ಓದಿದಾಗ ಅಲ್ಲಿ ಮಲಗಿದ ಅಜ್ಜಿ ಹುಟ್ಟುವ ಮೊದಲೇ ತೀರಿಕೊಂಡಿದ್ದರು! ಸಂಜೆ ಟಾರ್ಚನ್ನು ಬದಿಯಿಂದ ಹಿಡಿದು ನೋಡಿದಾಗ ಸರಿಹೋಯಿತು. ಬೆಳಕು ನೇರ ಬಿದ್ದರೆ ಕಲ್ಲು ಸಪಾಟಾಗಿ ಕಾಣುತ್ತದೆ. ಓರೆಯಾಗಿ ಬಿದ್ದರೆ ಪ್ರತಿ ಗೆರೆಗೂ ನೆರಳು ಬಂದು ಅಕ್ಷರ ಎದ್ದು ನಿಲ್ಲುತ್ತದೆ. ಇದಕ್ಕೆ ಸೀಮೆಸುಣ್ಣ ಬೇಡ, ಹಿಟ್ಟು ಬೇಡ, ಬಣ್ಣ ಬೇಡ. ಒಂದು ಟಾರ್ಚ್, ಸ್ವಲ್ಪ ತಾಳ್ಮೆ ಸಾಕು. ಇಷ್ಟು ಸಣ್ಣ ವಿಷಯ ಆ್ಯಸಿಡ್ ಸುರಿಯುವ ಮೊದಲು ಗೊತ್ತಿದ್ದರೆ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಸಭೆ ಕೂಡಿ ತೀರ್ಮಾನ ಮಾಡಿದ್ದೇವೆ. ಈ ಈಸ್ಟರ್‌ಗೆ ಸುಣ್ಣ ಇಲ್ಲ. ಹಿರಿಯರಲ್ಲಿ ಕೆಲವರಿಗೆ ಬೇಸರವಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಮೊದಲು ಪ್ರತಿ ಕಲ್ಲಿಗೂ ನಂಬರು ಕೊಟ್ಟು ಸ್ಮಶಾನದ ನಕ್ಷೆ ಬರೆಯುತ್ತೇವೆ. ಕಲ್ಲನ್ನು ಮುಟ್ಟುವ ಮೊದಲೇ ಬೆಳಗಿನ ಓರೆ ಬಿಸಿಲಿನಲ್ಲಿ, ಬೇಕಾದರೆ ರಾತ್ರಿ ಟಾರ್ಚಿನಲ್ಲಿ, ಅಳತೆಪಟ್ಟಿ ಇಟ್ಟು ಫೋಟೋ ತೆಗೆಯುತ್ತೇವೆ. ಇಬ್ಬರು ಬೇರೆ ಬೇರೆಯಾಗಿ ಓದಿ ಬರೆಯುತ್ತಾರೆ, ಆಮೇಲೆ ಎರಡನ್ನೂ ತಾಳೆ ನೋಡುತ್ತೇವೆ. ಕಲ್ಲಿನಲ್ಲಿ ಒಂದು ಸಾಲು ಎಲ್ಲಿ ಮುರಿದಿದೆಯೋ ಪುಸ್ತಕದಲ್ಲೂ ಅಲ್ಲೇ ಮುರಿಯಬೇಕು. ಕೆತ್ತಿದವನ ಕಾಗುಣಿತ ತಪ್ಪಿದ್ದರೆ ತಪ್ಪಾಗಿಯೇ ಬರೆಯಬೇಕು. ಓದಲಾಗದ ಅಕ್ಷರಕ್ಕೆ ಚುಕ್ಕಿ, ಊಹೆ ಇಲ್ಲ. ‘ಯೋಹಾನ ೧೧’ ಅಂತ ಮಾತ್ರ ಉಳಿದಿದ್ದರೆ ಮುಂದಿನ ವಚನ 25 ಇರಬಹುದು ಅಂತ ನಮಗೆಲ್ಲ ಅನಿಸುತ್ತದೆ. ಆದರೂ ಕಲ್ಲು ಹೇಳದ್ದನ್ನು ನಾವು ಹೇಳುವ ಹಾಗಿಲ್ಲ.

ಬರೆದು ಮುಗಿದ ಮೇಲೆಯೇ ತೊಳೆಯುವುದು. ಬರೀ ನೀರು, ಮೆತ್ತಗಿನ ಬ್ರಷ್, ಪಾಚಿ ಎಬ್ಬಿಸಲು ಬಿದಿರಿನ ಕಡ್ಡಿ. ಅಡುಗೆಗೆ ಹಾಕುವ ಕಲ್ಲುಹೂವಿನ ದಾಯಾದಿಗಳು ಕೆಲವು ಕಲ್ಲಿನ ಮೇಲೆ ಗಟ್ಟಿಯಾಗಿ ಹಿಡಿದಿವೆ. ಅವು ಬಾರದಿದ್ದರೆ ಹಾಗೇ ಬಿಡುತ್ತೇವೆ. ಒರಗಿ ನಿಂತ ಹನ್ನೊಂದು ಕಲ್ಲುಗಳನ್ನು ನೆಟ್ಟಗೆ ಮಾಡಬೇಕು. ಅದಕ್ಕೆ ಸಿಮೆಂಟ್ ಹಾಕಿಸುವುದಿಲ್ಲ, ಸುಣ್ಣ ಮರಳಿನ ಗಾರೆಯೇ. ಸಿಮೆಂಟ್ ಹಳೆಯ ಕಲ್ಲಿಗಿಂತ ಗಡುಸು. ನೀರನ್ನು ಒಳಗೇ ಹಿಡಿದಿಟ್ಟು ಕಲ್ಲನ್ನೇ ಒಡೆಯುತ್ತದೆ. ಗಾರೆ ಕಲಸುವುದು ಗೊತ್ತಿರುವ ಮೇಸ್ತ್ರಿ ಸಿಗುವುದೇ ಈಗ ಕಷ್ಟ, ಒಬ್ಬರು ಸಿಕ್ಕಿದ್ದಾರೆ.

ಖರ್ಚಿನ ಲೆಕ್ಕ ಹೀಗಿದೆ. ನಮ್ಮೂರಿನ ಇಬ್ಬರು ಯುವಕ ಯುವತಿಯರಿಗೆ ನಾಲ್ಕು ತಿಂಗಳು, ತಿಂಗಳಿಗೆ ತಲಾ 12,000 ರೂಪಾಯಿಯಂತೆ 96,000. ಕಲ್ಲು ನೆಡಿಸಲು ಒಂದಕ್ಕೆ 4,000ದಂತೆ 44,000. ಪುಸ್ತಕದ ಅಚ್ಚು ಮತ್ತು ಫೋಟೋ ಉಳಿಸಿಡುವ ಹಾರ್ಡ್ ಡಿಸ್ಕಿಗೆ 25,000. ಟಾರ್ಚ್, ಬ್ರಷ್, ಏಣಿ, ಟಾರ್ಪಾಲು ಇತ್ಯಾದಿಗೆ 15,000. ಒಟ್ಟು 1,80,000. ಬೆಳೆಹಬ್ಬದ ಏಲಮಿನಲ್ಲಿ 38,000 ಬಂದಿದೆ. ಅದರಲ್ಲಿ ಒಂದೇ ಒಂದು ಕುಂಬಳಕಾಯಿ ಮೂರು ಸಲ ಮಾರಾಟವಾಯಿತು, ಕೊಂಡವರೆಲ್ಲ ಅದನ್ನು ವಾಪಸ್ ಏಲಮಿಗೆ ಇಡುತ್ತಲೇ ಹೋದರು. ಇನ್ನು ಬೇಕಾದದ್ದು 1,42,000. ಮಳೆ ಹಿಡಿಯುವ ಮೊದಲು, ಅಂದರೆ ಮೇ ಕೊನೆಯೊಳಗೆ ಹೊರಗಿನ ಕೆಲಸ ಮುಗಿಯಬೇಕು.

500 ರೂಪಾಯಿ ಕೊಟ್ಟರೂ ಸರಿ, 5,000 ಕೊಟ್ಟರೂ ಸರಿ. ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಆಫೀಸಿನಲ್ಲಿ ಖಜಾಂಚಿಯವರು ಇರುತ್ತಾರೆ, ಕೈಯಲ್ಲೇ ರಸೀದಿ ಕೊಡುತ್ತಾರೆ. ದೂರದಲ್ಲಿರುವವರು ಊರಿನ ತಮ್ಮ ಮನೆಯವರ ಮೂಲಕ ಕಳಿಸಿದರೆ ಸಾಕು. ಈ ದೇಣಿಗೆಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇವೆ. ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದೂ ಇಲ್ಲ, ಸ್ಮಶಾನದಲ್ಲಿ ಅದು ಅಷ್ಟು ಶುಭವಲ್ಲ ಅಲ್ವಾ! ಪುಸ್ತಕದ ಕೊನೆಯ ಪುಟದಲ್ಲಿ ಹಾಕುತ್ತೇವೆ.

ಒಂದು ಕೋರಿಕೆ, ಸ್ವಲ್ಪ ಖಾರವಾಗಿಯೇ ಹೇಳುತ್ತೇವೆ. ದಯವಿಟ್ಟು ಹೊಸ ಗ್ರಾನೈಟ್ ಕಳಿಸಬೇಡಿ. ಹೊರದೇಶದಲ್ಲಿರುವ ಒಬ್ಬರು ಪ್ರೀತಿಯಿಂದ ಮುತ್ತಜ್ಜಿಯ ಗೋರಿಗೆ ಹೊಳೆಯುವ ಗ್ರಾನೈಟ್ ಹಾಕಿಸಿದರು. ಹೆಸರು, ಇಸವಿ ಎಲ್ಲ ಕಂಪ್ಯೂಟರ್ ಅಕ್ಷರದಲ್ಲಿ ಸ್ಪಷ್ಟವಾಗಿದೆ. ಹಳೆಯ ಕಲ್ಲು ಕೆಲಸದವರ ಕೈಯಲ್ಲಿ ಎರಡು ತುಂಡಾಗಿ ಕಾಂಪೌಂಡ್ ಗೋಡೆಯ ಪಾಯ ಸೇರಿತು. ಅದರಲ್ಲಿ ‘ಕರ್ತನಲ್ಲಿ ನಿದ್ರೆಹೋದಳು’ ಎಂಬ ಸಾಲಿನ ಕೆಳಗೆ ಆಕೆಯ ತವರೂರಿನ ಹೆಸರೂ ಇತ್ತು ಎಂದು ಹಿರಿಯರೊಬ್ಬರಿಗೆ ನೆನಪು. ಯಾವ ಊರು ಎಂಬುದು ಅವರಿಗೆ ನೆನಪಿಲ್ಲ. ಹೊಸ ಕಲ್ಲಿನಲ್ಲಿ ಅದು ಇಲ್ಲ.

ಕೆಲಸ ಮುಗಿದ ಮೇಲೆ ಒಂದು ಪ್ರತಿ ಚರ್ಚಿನಲ್ಲಿ ಇರುತ್ತದೆ. ಇನ್ನೊಂದನ್ನು ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಹಳೆಯ ದಾಖಲೆಗಳ ಸಂಗ್ರಹಕ್ಕೆ ಒಪ್ಪಿಸಬೇಕೆಂಬ ಆಸೆ. ಬಾಸೆಲ್ ಮಿಷನ್ ಇತಿಹಾಸ ಓದುವವರು ಅಲ್ಲಿಗೇ ಬರುತ್ತಾರೆ. ಫೋಟೋಗಳನ್ನು ಯಾರು ಬೇಕಾದರೂ ನೋಡುವ ಹಾಗೆ ಇಂಟರ್ನೆಟ್ಟಿಗೂ ಹಾಕುತ್ತೇವೆ. ಇತ್ತೀಚಿನ ಐವತ್ತು ವರ್ಷದ ಗೋರಿಗಳನ್ನು ಮಾತ್ರ ಮನೆಯವರ ಒಪ್ಪಿಗೆ ಇಲ್ಲದೆ ಹಾಕುವುದಿಲ್ಲ.

ದುಡ್ಡಿಗಿಂತಲೂ ನಮಗೆ ಬೇಕಾದದ್ದು ನಿಮ್ಮ ಮನೆಯ ಟ್ರಂಕಿನಲ್ಲಿರಬಹುದು. ಹಿಂದೆಲ್ಲ ಶವಸಂಸ್ಕಾರದ ದಿನ ಮನೆಮಂದಿ ಗೋರಿಯ ಸುತ್ತ ನಿಂತು ಫೋಟೋ ತೆಗೆಸುತ್ತಿದ್ದರು. ಅದರಲ್ಲಿ ಹಿಂದಿನ ಸಾಲಿನ ಕಲ್ಲುಗಳೂ ಬಿದ್ದಿರುತ್ತವೆ, ಆಗಿನ್ನೂ ಸುಣ್ಣ ಅಷ್ಟು ದಪ್ಪ ಕೂತಿರಲಿಲ್ಲ. ಮನೆಯ ಬೈಬಲ್ಲಿನ ಮೊದಲ ಹಾಳೆಯಲ್ಲಿ ಹುಟ್ಟು ಸಾವು ಬರೆದಿಟ್ಟಿದ್ದರೆ ಅದರ ಫೋಟೋ ಕಳಿಸಿ. ಎರಡೂವರೆ ಅಕ್ಷರದ ಆ ಮಗು ನಿಮ್ಮ ಮನೆಯದ್ದೇ ಇರಬಹುದು.

ಊರಲ್ಲಿದ್ದವರು ಶನಿವಾರ ಬೆಳಗ್ಗೆ ಆರು ಗಂಟೆಗೆ ಬನ್ನಿ. ಟಾರ್ಚ್ ತನ್ನಿ, ಕನ್ನಡಕ ಮರೆಯಬೇಡಿ. ಚಾ, ಅವಲಕ್ಕಿ ನಮ್ಮದು. ಆ್ಯಸಿಡ್ ಬಾಟಲಿ ಮಾತ್ರ ಮನೆಯಲ್ಲೇ ಇರಲಿ.